ಎಸಿ ಪೈಪಿನೊಳಗಿನ ಮುದ್ದೆ

ಬನಹಟ್ಟಿಯ ಸಾವಂತ್ರವ್ವ ಮನೆಯಲ್ಲಿ ನೇಯ್ದ ಸೀರೆಗಳನ್ನು ತಾನೇ ಕಾರು ಓಡಿಸಿಕೊಂಡು ಹೋಗಿ ಜಮಖಂಡಿಯ ಅಂಗಡಿಗಳಿಗೆ ಮುಟ್ಟಿಸುವವಳು. ಅವತ್ತು ಹೊರಡಲು ಕಾರಿನ ಬಾಗಿಲು ತೆಗೆದರೆ ಕಾಲಿಡುವ ಕಡೆ ನೀರು ನಿಂತಿತ್ತು, ಸೀರೆ ಗಂಟು ಅಡಿಯಲ್ಲಿ ತೊಯ್ದಿತ್ತು. ಎಸಿಯ ನೀರು ಹೊರಹೋಗುವ ಪೈಪು ಕಟ್ಟಿಕೊಂಡಿತ್ತು. ಅವಳಿಗೆ ಸಿಟ್ಟು ನೆತ್ತಿಗೇರಿತು. ಮಗ್ಗದ ಖೋಲಿಯ ಬಾಗಿಲಲ್ಲೇ ನಿಂತಿದ್ದ ಕಾರಿನಡಿ ತೂರಿಕೊಂಡಳು. ಮಗ್ಗದ ಧೂಳು ಊದಿ ರೂಢಿಯಾಗಿದ್ದರಿಂದ ಪೈಪಿಗೂ ಬಾಯಿಟ್ಟು ಊದಿದಳು. ಒಂದು ಹನಿಯೂ ಇಳಿಯಲಿಲ್ಲ.

“ಊದಬ್ಯಾಡ, ಇನ್ನಷ್ಟು ಒಳಗ ಹೋಗಿ ಕುಂಡ್ರತೈತಿ. ತಂತಿ ಹಾಕಿ ಎಳಿ,” ಎಂದ ಗಂಡ ಮಾಲಿಂಗಪ್ಪ, ಮಗ್ಗ ನಿಲ್ಲಿಸಿ, ಕೆಮ್ಮುತ್ತ.

“ನೀವು ಮೊದಲ ದವಾಖಾನಿಗೆ ಹೋಗಿ ಆ ಕೆಮ್ಮು ತೋರಸ್ರಿ.”

“ಏನೂ ಆಗಿಲ್ಲ. ಧೂಳಿಂದು ಅಷ್ಟ.”

ಅವಳು ತಂತಿಯ ತುದಿ ಬಾಗಿಸಿ ಮೆಲ್ಲಗೆ ಒಳಬಿಟ್ಟಳು. ಪೈಪು ಹರಿದರೇನು ಗತಿ ಎಂದು ಇಂಚಿಂಚೇ ತಳ್ಳಿದಳು. ಸಿಕ್ಕಿದ್ದನ್ನು ಎಳೆದದ್ದೇ ತಡ, ತಣ್ಣೀರು ಭುಜದ ಮೇಲೆ ಧೋ ಎಂದು ಸುರಿಯಿತು. ಬೆರಳ ನಡುವೆ ಉಳಿದದ್ದು ನೂಲಿನ ಧೂಳಿನ ಕೊಳೆತ ಮುದ್ದೆ.

ಒಳಗೆ ಮಗ್ಗ ಮತ್ತೆ ಶುರುವಾಯಿತು. ಅದರ ಸದ್ದನ್ನೂ ಮೀರಿ ಕೆಮ್ಮು ಕೇಳಿಸಿತು. ಸಾವಂತ್ರವ್ವ ಮುದ್ದೆ ಹಿಡಿದುಕೊಂಡು ಹಾಗೇ ಮಲಗಿದ್ದಳು. ಕಾರು ಈ ಖೋಲಿಯ ಬಾಗಿಲಿಗೆ ಬಂದು ಒಂದು ಬೇಸಿಗೆಯೂ ಕಳೆದಿರಲಿಲ್ಲ. ಮಾಲಿಂಗಪ್ಪ ಆ ಖೋಲಿಯಲ್ಲೇ ಹುಟ್ಟಿದವನು.