ಕಣಿವೆಯ ಬಂಡೆಗೆ ಹಚ್ಚಿದ ಅರಸಿನ

ಬೇಲಾಪುರದ ಗುಡ್ಡದ ಹಿಂದಿನ ಕಣಿವೆಯಲ್ಲಿ ಒಂದು ಬಂಡೆ. ಅದರ ಮೇಲೆ ಜಿಂಕೆಗಳು, ಬಟ್ಟಲಿನಂಥ ಗುಳಿಗಳು, ಉದ್ದಕ್ಕೂ ಹರಿದ ಒಂದು ಅಂಕುಡೊಂಕು ಗೆರೆ. ಕಬ್ಬಿಣವನ್ನೇ ಕಾಣದ ಯಾರೋ ಕಲ್ಲಿನಿಂದ ಕಲ್ಲನ್ನು ಕುಟ್ಟಿ ಕುಟ್ಟಿ ಮೂಡಿಸಿದ್ದು. ಅಕ್ಷರವಿಲ್ಲದ ಆ ಜನ ನಮಗೆ ಬಿಟ್ಟುಹೋದ ಮಾತು ಅದೊಂದೇ. ಸೋಮವಾರ ಅದನ್ನು ಒಡೆದು ಜಲ್ಲಿ ಮಾಡುವುದೆಂದು ಕ್ವಾರಿಯ ಕಂಟ್ರಾಕ್ಟರ್ ಗೊತ್ತುಮಾಡಿದ್ದ. ಪುರಾತತ್ವದ ಮೇಡಂ ಬಂದು ನೋಡಿ, ಹಳೆಯದು ಹೌದು ಎಂದು ಬರೆದುಕೊಟ್ಟರೆ ಮಾತ್ರ ಬಂಡೆ ಉಳಿಯುತ್ತಿತ್ತು. ಅವರ ಕಚೇರಿಯ ಬಾಗಿಲಲ್ಲಿ ಕೂತೂ ಕೂತೂ ಮೇಡಂನ ಗದರಿಕೆ, ಪ್ಯೂನನ ಆಕಳಿಕೆ, ನನ್ನದೇ ಹಲ್ಲುಗಿಂಜುವಿಕೆ ಮೂರನ್ನೂ ನಾನು ಅನುಕರಿಸಬಲ್ಲವನಾಗಿದ್ದೆ. ಕೊನೆಗೆ ಶನಿವಾರ ಬರುತ್ತೇನೆ ಎಂದರು.

ನೌಪಾಡಾದಲ್ಲಿ ಹೋಟೆಲು ನಡೆಸುವ, ಉಡುಪಿ ಕಡೆಯ ನನ್ನ ಅಪ್ಪನಿಗೆ ಆ ಗೆರೆ ಸಾಕ್ಷಾತ್ ನಾಗ. ದೊಡ್ಡವರು ನೋಡಲು ಬರುವಾಗ ನಾಗನನ್ನು ಬರಿಮೈಯಲ್ಲಿ ನಿಲ್ಲಿಸುವುದುಂಟೇ? ನಾನು ಮೇಡಂ ಅವರನ್ನು ಕರೆತರಲು ಸ್ಟೇಷನ್ನಿಗೆ ಹೋದದ್ದೇ ತಡ, ಹಾಲೆರೆದು, ಬಂಡೆ ತುಂಬ ಅರಸಿನ ಮೆತ್ತಿ, ಅಡಿಕೆಯ ಹಿಂಗಾರ ಇಟ್ಟು ಕೈಮುಗಿದು ನಿಂತಿದ್ದರು. ಮೈಸೂರು ಮಸಾಲೆಗೂ ಅವರು ಅಷ್ಟು ಧಾರಾಳವಾಗಿ ಚಟ್ನಿ ಸವರಿದ್ದನ್ನು ನಾನು ಕಂಡಿಲ್ಲ.

"ಯೇ ತೋ ಆಪ್‌ನೇ ಮಂದಿರ್ ಬನಾ ದಿಯಾ," ಎಂದರು ಮೇಡಂ. ಕ್ವಾರಿ ಬರುವಲ್ಲೆಲ್ಲ ಹೀಗೆ ದಿಢೀರನೆ ದೇವರು ಹುಟ್ಟುವುದನ್ನು ನೋಡಿ ಅವರಿಗೆ ಸಾಕಾಗಿತ್ತಂತೆ.

ಅಪ್ಪ ಗಾಬರಿಯಾದರು. ಈಗಲೇ ತೆಗೆದುಕೊಡುತ್ತೇನೆ ಎನ್ನುತ್ತ, ನಾವು ತಡೆಯುವ ಮೊದಲೇ, ಕೈಗೆ ಸಿಕ್ಕ ಕಲ್ಲಿನಿಂದ ನಾಗನನ್ನೂ ಜಿಂಕೆಗಳನ್ನೂ ಗಸಗಸ ಉಜ್ಜಿಬಿಟ್ಟರು. ಅರಸಿನ ಹೋಯಿತು. ಎಷ್ಟೋ ಸಾವಿರ ವರ್ಷಗಳಿಂದ ಕಲ್ಲಿಗೆ ಕಟ್ಟಿದ್ದ ಕಪ್ಪೂ ಹೋಯಿತು. ಎಲ್ಲವೂ ಅಂದೇ ಬೆಳಿಗ್ಗೆ ಕೆತ್ತಿದಂತೆ ಬೆಳ್ಳಗಾಗಿತ್ತು. ಇದನ್ನು ಹಳೆಯದೆಂದು ಬರೆದರೆ ಯಾರು ನಂಬುತ್ತಾರೆ ಎಂದು ಹೇಳಿ ಮೇಡಂ ಹೊರಟುಹೋದರು.

ಅಪ್ಪ ಬಂಡೆಯ ಬುಡದಲ್ಲೇ ಕುಸಿದು ಕೂತರು. ಬಿಲ್ಲಿನಲ್ಲಿ ಒಂದು ವಡೆ ಹೆಚ್ಚಾಯಿತೆಂದು ದುಡ್ಡು ಮರಳಿಸಲು ಗಿರಾಕಿಯ ಹಿಂದೆ ಓಡಿದ ಮನುಷ್ಯ ಅವರು.

"ನೀನು ಎಲ್ಲರ ಹಾಗೆ ಮಾತಾಡ್ತಿಯಲ್ಲ ಮಗಾ," ಎಂದರು. "ಆ ಮೇಡಂ ಹಾಗೆ ಒಂದ್ಸಲ ಮಾತಾಡು ಮಾರಾಯ. ಕಂಟ್ರಾಕ್ಟರಿಗೊಂದು ಫೋನ್ ಮಾಡು."

ಮಾಡಿದೆ. ದನಿ ಚೆನ್ನಾಗಿಯೇ ಬಂತು. ಕೆಲಸ ನಿಲ್ಲಿಸಿ ಎಂದು ಗದರಿಸಿದೆ. ಅಲ್ಲಿಗೇ ಇಟ್ಟುಬಿಡಬೇಕಿತ್ತು. ಪಕ್ಕದಲ್ಲಿ ಅಪ್ಪ ನನ್ನ ತೋಳು ಹಿಡಿದು, ಪ್ಲೀಸ್ ಅನ್ನು, ಪ್ಲೀಸ್ ಅನ್ನು ಎಂದು ಪಿಸುಗುಟ್ಟುತ್ತಿದ್ದರು. ಅಂದೆ.



"ಮೇಡಂ ಲೋಗ್ ಪ್ಲೀಸ್ ನಹೀಂ ಬೋಲ್ತೇ, ಬೇಟಾ," ಎಂದ ಕಂಟ್ರಾಕ್ಟರ್, ಮೇಡಂಗಳು ಪ್ಲೀಸ್ ಅನ್ನುವವರಲ್ಲ ಎಂದು. ಸಿಟ್ಟೇನೂ ಇರಲಿಲ್ಲ. ಫೋನ್ ಇಟ್ಟ.

ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು. ಕಟ್ಟಾದ ಫೋನನ್ನು ಕಿವಿಗೊತ್ತಿ ಹಿಡಿದು ನಾನು ಮೇಡಂನ ದನಿಯಲ್ಲಿ ಪ್ಲೀಸ್ ಅನ್ನುತ್ತಲೇ ಹೋದೆ.