ಎರಡನೆಯ ಬಲ್ಬು

ನನ್ನದು ಕೂತಲ್ಲಿ ಕೂರುವ ಜೀವವಲ್ಲ. ಇವಳ ಕಾಲಿಗೆ ಯಾರು ಚಕ್ರ ಕಟ್ಟಿದರೋ ಎಂದು ಅಜ್ಜಿ ಮನೆಗೆ ಬಂದವರೆದುರೆಲ್ಲ ಹೇಳುತ್ತಿದ್ದಳು. ಎಪ್ಪತ್ತರ ದಶಕದ ಆ ಮಾಗಿಯಲ್ಲಂತೂ ಹಿರಿಯೂರು ಹತ್ತಿರದ ನಮ್ಮ ಹಳ್ಳಿಮನೆಯಲ್ಲಿ ನಡುಮನೆಯಿಂದ ಬಾಣಂತಿ ಕೋಣೆಗೆ, ಕೋಣೆಯಿಂದ ಬೀದಿಗೆ ನಾನು ಸುತ್ತಿದ್ದೇ ಸುತ್ತಿದ್ದು.

ಅಕ್ಕನಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿತ್ತು. ಹೆಣ್ಣು ಮಗು. ಅಳುವುದಕ್ಕೂ ಶಕ್ತಿಯಿಲ್ಲದ ಕೂಸು. ಅಕ್ಕ ಜ್ವರದಲ್ಲಿ ನಡುಗುತ್ತಿದ್ದಳು, ಮಗುವನ್ನು ಎದೆಗವಚಿಕೊಳ್ಳುವ ತ್ರಾಣ ಅವಳಿಗಿರಲಿಲ್ಲ. ಹಿರಿಯೂರಿನಿಂದ ಬಂದ ಡಾಕ್ಟರಮ್ಮ, ಇದನ್ನು ಈ ಚಳಿಯಲ್ಲಿ ಬಸ್ಸಿನಲ್ಲಿ ಹೊತ್ತುಕೊಂಡು ಹೋಗುವುದು ಬೇಡ, ಮೈ ತಣ್ಣಗಾಗದಂತೆ ಕಾಯಿರಿ, ಹಗಲು ರಾತ್ರಿ ಕಾಯಿರಿ, ಆಮೇಲೆ ನೋಡೋಣ ಎಂದರು. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗಿತ್ತು ಆ 'ನೋಡೋಣ'. ಚಿತ್ರದುರ್ಗದಲ್ಲಿ ಬಿ.ಎಸ್ಸಿ. ಓದುತ್ತಿದ್ದ ನಾನು ಸುದ್ದಿ ಕೇಳಿ ಸಿಕ್ಕ ಬಸ್ಸು ಹತ್ತಿ ಬಂದಿದ್ದೆ.

ನಾನು ಬರುವಷ್ಟರಲ್ಲಿ ನಮ್ಮ ಸೋದರಮಾವ ಟೀಪುಡಿಯ ಹಲಗೆ ಪೆಟ್ಟಿಗೆಯೊಂದನ್ನು ತಂದು, ನಡುವೆ ತೂತು ಕೊರೆದ ಹಲಗೆ ಅಡ್ಡ ಇಟ್ಟು, ಒಂದು ಕಡೆ ಹೊಲದ ಹತ್ತಿ ಹಾಸಿ ಮಗುವನ್ನು ಮಲಗಿಸಿದ್ದ. ಇನ್ನೊಂದು ಕಡೆ ಅರವತ್ತು ವಾಟಿನ ಬಲ್ಬು. ಸುತ್ತಲ ಹಳ್ಳಿಗಳ ಗಣೇಶನ ಚಪ್ಪರಕ್ಕೆ, ಮದುವೆಗೆ ಪುಟ್ಟ ಬಲ್ಬುಗಳನ್ನು ಸರಪಳಿಯಂತೆ ಪೋಣಿಸಿದ ಸೀರಿಯಲ್ ಸೆಟ್ ಕಟ್ಟುವುದೇ ಅವನ ಕಸುಬು. ಕೈ ಬಹಳ ಚುರುಕು.

ಆದರೂ ಮಗುವಿನ ಪಾದ ತಣ್ಣಗೇ ಇತ್ತು. ಸಾಲದೆಂದು ಮಾವ ಎರಡನೆಯ ಬಲ್ಬು ಸೇರಿಸಿದ. ಸ್ವಲ್ಪ ಹೊತ್ತು ಬಿಟ್ಟು ನಾನು ಮತ್ತೆ ಕೈಯಿಟ್ಟು ನೋಡಿದೆ. ಪಾದ ಮೊದಲಿಗಿಂತ ತಣ್ಣಗಾಗಿತ್ತು.

ಅಜ್ಜಿ ಕರೆಂಟಿನ ಕಾವು ಕಾವೇ ಅಲ್ಲ ಎಂದು ಗೊಣಗುತ್ತ ಅಗ್ಗಿಷ್ಟಿಕೆ ಹೊತ್ತಿಸಲು ಹಿತ್ತಲಿಗೆ ಹೋದಳು. ಕೆಂಡವನ್ನು ಪೆಟ್ಟಿಗೆಯ ಪಕ್ಕದಲ್ಲೇ ಇಡುತ್ತಾಳಂತೆ. ಕಿಟಕಿಯಿಲ್ಲದ ಕೋಣೆ, ಹೊಗೆ, ಉಸಿರೇ ಸರಿಯಾಗಿ ಬಾರದ ಕೂಸು. ಕರೆಂಟೇ ಕಡಿಮೆ ಬರುತ್ತಿದೆಯೇನೋ ಎಂಬ ಅನುಮಾನದಿಂದ ನಾನು ಬೀದಿಗೋಡಿದೆ. ಪಕ್ಕದ ಓಣಿಯ ಹಿಟ್ಟಿನ ಗಿರಣಿಯ ಬೋರ್ಡಿನಲ್ಲಿ ವೋಲ್ಟ್ ಮೀಟರ್ ಇತ್ತು. ತೋಟಗಳ ಪಂಪ್‌ಸೆಟ್ಟುಗಳೆಲ್ಲ ಓಡುವ ಹೊತ್ತು; ಇನ್ನೂರ ಮೂವತ್ತರಲ್ಲಿ ನಿಲ್ಲಬೇಕಾದ ಮುಳ್ಳು ನೂರ ಅರವತ್ತರಲ್ಲಿ ತೂಕಡಿಸುತ್ತಿತ್ತು.

ಓಡಿ ಬಂದು ಇದ್ದಿಲಿನ ಚೂರು ಹಿಡಿದು ಕೋಣೆಯ ಗೋಡೆಗೇ ಬರೆದೆ. ಅರವತ್ತು ವಾಟನ್ನು ಇನ್ನೂರ ಮೂವತ್ತು ವೋಲ್ಟಿನಿಂದ ಭಾಗಿಸಿದರೆ ಕಾಲು ಆಂಪಿಯರ್‌ಗೆ ತುಸು ಹೆಚ್ಚು. ವೋಲ್ಟನ್ನು ಆ ಆಂಪಿಯರ್‌ನಿಂದ ಭಾಗಿಸಿದರೆ ಕರೆಂಟಿಗೆ ಬಲ್ಬು ಒಡ್ಡುವ ತಡೆ, ಅಂದರೆ ರೆಸಿಸ್ಟೆನ್ಸ್, ಎಂಟುನೂರ ಎಂಬತ್ತು ಓಮ್. ನೂರ ಅರವತ್ತು ವೋಲ್ಟಿನಲ್ಲಿ ಅದೇ ಬಲ್ಬು ಇಪ್ಪತ್ತೊಂಬತ್ತು ವಾಟ್ ಮಾತ್ರ. ತಂತಿಯ ಬಿಸಿ ಇಳಿದಂತೆ ರೆಸಿಸ್ಟೆನ್ಸೂ ಇಳಿಯುತ್ತದೆಂದು ಮೇಷ್ಟ್ರು ಹೇಳಿದ್ದರು, ಆ ಸೂಕ್ಷ್ಮಕ್ಕೆಲ್ಲ ನನಗೆ ಪುರಸೊತ್ತಿರಲಿಲ್ಲ. ಸರಿ, ಎರಡು ಬಲ್ಬೆಂದರೆ ದುಪ್ಪಟ್ಟಾಗಬೇಕಲ್ಲ? ಆಗ ಮಾವನ ವೈರು ನೋಡಿದೆ. ಚಪ್ಪರಕ್ಕೆ ಕಟ್ಟುವ ಹಾಗೇ ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದ್ದ. ರೆಸಿಸ್ಟೆನ್ಸ್ ಎರಡರಷ್ಟು, ಕರೆಂಟು ಅರ್ಧ. ಎರಡೂ ಸೇರಿ ಹದಿನೈದು ವಾಟೂ ಇಲ್ಲ!

ಮಾವನಿಗೆ ಹೇಳಿದೆ. ಅವನ ಮುಖ ಬಿಗಿಯಿತು. "ಲೇ ಹುಡುಗಿ, ಹುಟ್ಟಿದಾಗಿಂದ ಇದೇ ಕೆಲ್ಸ ಮಾಡ್ಕಂಡು ಬಂದೀನಿ. ಎರಡು ಉರಿದ್ರೆ ಎರಡರಷ್ಟು ಕಾವು ಅಲ್ಲೇನು?"

ಅಜ್ಜಿ ಕೆಂಡದೊಂದಿಗೆ ಹೊಸ್ತಿಲಿಗೆ ಬಂದಿದ್ದಳು. ನನಗೆ ಸಿಟ್ಟು, ಭಯ, ಅಳು ಎಲ್ಲ ಒಟ್ಟಿಗೆ ಬಂತು. ಗೋಡೆಯ ಲೆಕ್ಕ ಯಾರು ಓದುತ್ತಾರೆ?

"ಮಾವ, ಮಗು ತಣ್ಣಗಾಗ್ತೈತೆ. ಮುಟ್ಟಿ ನೋಡ್ರಿ," ಎಂದೆ.

ಅವನು ಬೆರಳಿನಿಂದ ಆ ಪಾದ ಮುಟ್ಟಿದ. ಪ್ಲಗ್ಗು ಕಿತ್ತ, ಹಲ್ಲಿನಲ್ಲೇ ವೈರು ಸುಲಿದ, ಎರಡೂ ಬಲ್ಬುಗಳಿಗೆ ಬೇರೆ ಬೇರೆಯಾಗಿ ಎರಡೆರಡು ವೈರು ಎಳೆದ. ಪ್ಲಗ್ಗು ಸಿಕ್ಕಿಸಿದಾಗ ಪೆಟ್ಟಿಗೆಯೊಳಗೆ ಬೆಳಕು ಹೆಚ್ಚಿತು. ನನ್ನ ಲೆಕ್ಕದಲ್ಲಿ ಐವತ್ತೆಂಟು ವಾಟ್. ಅಜ್ಜಿ ಕೆಂಡವನ್ನು ಹೊಸ್ತಿಲಾಚೆಯೇ ಇಟ್ಟು ನಿಂತಳು.

ಕಾಯುವುದು ನನ್ನಿಂದಾಗದ ಕೆಲಸ. ಹಿತ್ತಲಿಗೆ ಹೋದೆ, ಬಂದೆ, ಮತ್ತೆ ಹೋದೆ. ಆಮೇಲೆ ಇನ್ನೊಂದು ಹೆದರಿಕೆ ಶುರುವಾಯಿತು. ಪಂಪ್‌ಸೆಟ್ಟು ನಿಂತು ವೋಲ್ಟೇಜು ಏರಿದರೆ ಇದೇ ಎರಡು ಬಲ್ಬು ನೂರಿಪ್ಪತ್ತು ವಾಟ್ ಆಗಿ ಕೂಸನ್ನು ಬೇಯಿಸಿಬಿಡುತ್ತವೆ. ಅದನ್ನು ಹೇಳಿದ್ದಕ್ಕೆ ಅಜ್ಜಿ ಪೆಟ್ಟಿಗೆಯ ಬಳಿ ಕುಳಿತು, ಎಳೆಗೂಸಿನ ನೀರಿನ ಹದ ನೋಡುವ ಹಾಗೆ ಮೊಣಕೈ ಒಳಗಿಟ್ಟಳು.

ಸಂಜೆಯ ಹೊತ್ತಿಗೆ ಅವಳೇ ಕೂಗಿದಳು. "ಕಾವು ಏರ್ತಾ ಐತೆ. ಒಂದು ಬುರುಡೆ ಬಿಚ್ಚು."

ಒಂದು ಬಲ್ಬು ಬಿಚ್ಚಿ ಗಿರಣಿಗೆ ಓಡಿದೆ. ಮುಳ್ಳು ಇನ್ನೂರು ದಾಟಿತ್ತು. ಅಂದಿನಿಂದ ಮಗುವಿನ ಮೈ ತುಂಬುವವರೆಗೂ ಅಜ್ಜಿಯ ಮೊಣಕೈಯೇ ನಮ್ಮ ಮನೆಯ ಮೀಟರ್.

ಆ ಕೂಸಿಗೆ ಈಗ ಹೊಳಲ್ಕೆರೆಯಲ್ಲಿ ಗಂಡ, ಮಕ್ಕಳು, ಮನೆ. ನಾನು ಹೋದಾಗ ಅವಳೇನಾದರೂ ಮಲಗಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ, ಹೊದಿಕೆಯೊಳಗೆ ನುಗ್ಗಿ ಅವಳ ಪಾದ ಹುಡುಕುತ್ತದೆ. ಅವಳಿಗೆ ಎಚ್ಚರವಾಗಿಬಿಡುತ್ತದೆ.

"ಚಿಕ್ಕಮ್ಮ, ದೊಡ್ಡೋರು ಕಾಲು ಮುಟ್ಟಬಾರ್ದು. ನನ್ನ ಆಯಸ್ಸು ಕಮ್ಮಿ ಆಗ್ತೈತೆ."

ಸುಮ್ನಿರೇ ಎಂದು ಗದರುತ್ತೇನೆ. ಪಾದ ಬೆಚ್ಚಗಿದೆಯೆಂದು ಖಾತ್ರಿಯಾದ ಮೇಲೇ ಕೈ ತೆಗೆಯುತ್ತೇನೆ.