ಕಾಕಾನ ಬಾವಿ, ಮೋಟರಿನ ಎರಡು ಪಿನ್ನು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ಮುಸಿಮುಸಿ ನಕ್ಕವನು ನಾನು. ಯಂತ್ರದಲ್ಲಿ ನಾವು ಬರೆದದ್ದಷ್ಟೇ ನಡೆಯುತ್ತದೆ ಎಂಬುದು ನನ್ನ ಹಮ್ಮು. ಈಗ ನೀವೂ ನಗಬಹುದು, ಬೇಸರವಿಲ್ಲ.

ಗೋಕಾಕದಲ್ಲಿ ಪಂಪ್‌ಸೆಟ್ ನಡೆಸುವ ಸಣ್ಣ ಬೋರ್ಡು ಮಾಡುವುದು ನನ್ನ ಕೆಲಸ. ಅದರ ಚಿಪ್‌ಗೆ ಹತ್ತಾರು ಪಿನ್ನು. ಒಂದು ಕೆಲಸಕ್ಕೆ ಬೇಕಾದ ಪಿನ್ನುಗಳನ್ನು ಗುಂಪು ಮಾಡಿ, ಹೆಸರಿಟ್ಟು, ಕೇಳಿದವರಿಗೆ ಇಡೀ ಗುಂಪನ್ನೇ ಒಪ್ಪಿಸುವ ಪ್ರೋಗ್ರಾಮಿಗೆ ಪಿನ್ ಕಂಟ್ರೋಲ್ ಡ್ರೈವರ್ ಎನ್ನುತ್ತಾರೆ. ಒಬ್ಬರ ಗಾಡಿಗೆ ಹೂಡಿದ ಜೋಡೆತ್ತನ್ನು ಇನ್ನೊಬ್ಬರ ನೇಗಿಲಿಗೆ ಕೊಡಲಾಗದಲ್ಲ, ಹಾಗೆ. ಮೋಟರಿಗೆಂದು ನಾನು ಮಾಡಿದ್ದು ಎರಡೇ ಪಿನ್ನಿನ ಗುಂಪು. ಒಂದು ಮೋಟರು ಹಾಕಲು, ಇನ್ನೊಂದು ಅದು ಓಡುತ್ತಿದೆಯೇ ನೋಡಲು. ಆ ಗುಂಪನ್ನು ಕೇಳುವವರು ಬೇರೆ ಯಾರೂ ಇರಲಿಲ್ಲ.

ಕೆಲವು ವರ್ಷಗಳ ಹಿಂದೆ ಮೂಡಲಗಿ ಹತ್ತಿರ ಸಿದ್ದಪ್ಪ ಕಾಕಾ ಎಂಬ ರೈತರ ಹೊಲದಲ್ಲಿ ಬೋರ್ಡು ಕೂಡಿಸಲು ಹೋಗಿದ್ದೆ. ಕರೆಂಟ್ ಬಂದೊಡನೆ ಮೋಟರು ತಾನೇ ಓಡಲೆಂದು ನಮ್ಮ ಕಡೆ ಎಲ್ಲರೂ ಆಟೋದಲ್ಲೇ ಇಟ್ಟಿರುತ್ತಾರೆ. ಆ ಮಧ್ಯಾಹ್ನ ಬೋರ್ಡು ಕೂಡಿಸಿ ಮುಗಿಸಿದಾಗ ಕರೆಂಟ್ ಇರಲಿಲ್ಲ. ನೀರೊಳಗಿನ ಕೇಬಲಿನ ಸಿಪ್ಪೆ ಸುಲಿದಿತ್ತು, ಮೋಟರು ಹಾಕಿದರೆ ನೀರಿಗೇ ಕರೆಂಟ್. ಅದಕ್ಕೆ ಪಟ್ಟಿ ಸುತ್ತಲು ಬಾವಿಗಿಳಿಯುತ್ತ ಕಾಕಾ ಕೇಳಿದರು:

"ಆಟೋ ತಗದಿಯೇನು ತಮ್ಮಾ?"

"ತಗದೇನ್ರಿ ಕಾಕಾ, ಇಳೀರಿ."

ತೆಗೆದಿರಲಿಲ್ಲ. ತೆಗೆದಿದ್ದೇನೆಂದೇ ನಂಬಿದ್ದೆ.

ಅವರು ಎದೆಮಟ್ಟದ ನೀರಲ್ಲಿದ್ದರು. ನಾಲ್ಕಕ್ಕೆ ಬರಬೇಕಾದ ಕರೆಂಟ್ ಮೂರಕ್ಕೇ ಬಂತು. ಮೋಟರಿನ ಪೆಟ್ಟಿಗೆಯಲ್ಲಿ ಕರೆಂಟ್ ತೋರಿಸುವ ಮೂರೂ ದೀಪ ಹೊತ್ತಿಕೊಂಡಾಗಲೇ ಗುಂಡಿ ಆಟೋದಲ್ಲಿರುವುದು ಕಣ್ಣಿಗೆ ಬಿತ್ತು. ಓಡಿಹೋಗಿ ಮೇನ್ ಸ್ವಿಚ್ ಎಳೆದೆ. ಅಷ್ಟರೊಳಗೆ ಮೋಟರು ಓಡತೊಡಗಿರಬೇಕಿತ್ತು. ಓಡಿರಲಿಲ್ಲ.

ಬೋರ್ಡಿಗೆ ಜೋಡಿಸಿದ್ದ ನನ್ನ ಲ್ಯಾಪ್‌ಟಾಪಿನಲ್ಲಿ ಅದು ಕಳಿಸಿದ ಒಂದು ಸಾಲಿತ್ತು: ಮೋಟರಿನ ಪಿನ್ನುಗಳ ಗುಂಪು ಈಗಾಗಲೇ ಬೇರೆಯವರ ಕೈಯಲ್ಲಿದೆ, ಕೊಡಲಾಗದು. ಯಾರ ಕೈಯಲ್ಲಿ ಎಂಬ ಜಾಗ ಖಾಲಿ.

ಕಾಕಾ ಪಟ್ಟಿ ಸುತ್ತಿ ಮೇಲೆ ಬಂದ ನಂತರ ಮೇನ್ ಸ್ವಿಚ್ ಮತ್ತೆ ಹಾಕಿದೆ. ಮೋಟರು ಒಂದೇ ಏಟಿಗೆ ಓಡಿತು. ಆ ಬೋರ್ಡನ್ನು ಆಮೇಲೆ ಹುಕ್ಕೇರಿಯ ಗೆಳೆಯನ ಜೊತೆ ವಾರಗಟ್ಟಲೆ ಪರೀಕ್ಷಿಸಿದೆ. ಪ್ರೋಗ್ರಾಮನ್ನು ಸಾಲುಸಾಲಾಗಿ ಓದಿದೆವು. ಆ ಸಾಲು ಮತ್ತೆ ಬರಲೇ ಇಲ್ಲ.

"ಎಲ್ಲೋ ವೈರ್ ಲೂಸ್ ಇರಬೇಕು, ಬಿಡೋ ಲೇ" ಎಂದ ಅವನು. ಇರಬಹುದು ಅಂದೆ. ಮನಸ್ಸು ಒಪ್ಪಲಿಲ್ಲ, ಈಗಲೂ ಒಪ್ಪಿಲ್ಲ.

"ಕರೆಂಟ್ ಬಂದಾಗ ನಾ ನೀರಾಗ ಇದ್ದೆ. ಇಂವಾ ಆಟೋ ತಗದಿದ್ದ, ಅದಕ್ಕ ಉಳದೇನಿ" ಎಂದು ಕಾಕಾ ಊರಿಗೆಲ್ಲ ಹೇಳುತ್ತಾರೆ. ಕೇಳಿದಾಗಲೆಲ್ಲ ನನಗೆ ನಾಚಿಕೆ. ಖರೆ ಹೇಳಿಬಿಡೋಣವೆಂದು ಎರಡು ಸಲ ಅವರ ಮನೆಗೆ ಹೋಗಿದ್ದೇನೆ. ಎರಡೂ ಸಲ ಚಹಾ ಕುಡಿದು ಎದ್ದು ಬಂದೆ.